ಸಿಮೆಂಟಿನ ಜಿಂಕೆ ಒಡೆದ ಕಾಂತೇಶ

ಕಾಂತೇಶ ಜೆಸಿಬಿ ಓಡಿಸುವವನು. ಸುರಪುರದ ಸುತ್ತ ಮನೆಗೆ ತಳಪಾಯ ತೋಡಿಸಿದವರು, ಹೊಲಕ್ಕೆ ಬದು ಹಾಕಿಸಿದವರು, ಕಾಲುವೆಯ ಹೂಳು ತೆಗೆಸಿದವರು ಎಲ್ಲರಿಗೂ ಅವನು ಗೊತ್ತು. ಕೈ ಎಷ್ಟು ನಯವೋ ಬಾಯಿ ಅಷ್ಟೇ ಒರಟು. ಅಳತೆಯ ಹಗ್ಗ ಸೊಟ್ಟ ಹಿಡಿದರೆ ಮನೆ ಯಜಮಾನನನ್ನೇ ಬೈಯುತ್ತಿದ್ದ. ಮಷೀನಿನ ಹತ್ತಿರ ಮಕ್ಕಳನ್ನು ಬಿಟ್ಟರೆ ತಾಯಂದಿರನ್ನು ಬೈಯುತ್ತಿದ್ದ. ಒಮ್ಮೆ ಒಬ್ಬ ಸಾಹುಕಾರ, ಪಕ್ಕದ ಗಂಡನಿಲ್ಲದ ಹೆಣ್ಣುಮಗಳ ಹೊಲದೊಳಗೆ ಒಂದಿಷ್ಟು ಸರಿಸಿ ಬದು ಹಾಕು ಎಂದು ಕಿವಿಯಲ್ಲಿ ಹೇಳಿದ. ಕಾಂತೇಶ ಹೂಂ ಎಂದು, ಸಾಹುಕಾರ ಚಹಾ ಕುಡಿಯಲು ಹೋದಾಗ ಬದುವನ್ನು ಸಾಹುಕಾರನ ಹೊಲದೊಳಗೇ ಹಾಕಿ ಬಂದ. ಆಮೇಲೆ ಆದ ಜಗಳವನ್ನು ಬಿಡಿಸಲು ಮಷೀನಿನ ಮಾಲೀಕ ಸಿಕಂದರನೇ ಹೋಗಬೇಕಾಯಿತು.

"ನಿನ್ನ ಕೈಗಾಗಿ ಇಟಗೊಂಡೀನಿ ನೋಡು," ಎನ್ನುತ್ತಿದ್ದ ಸಿಕಂದರ. "ನಿನ್ನ ಬಾಯಿಗೆ ಅಂದ್ರ ಎಂದೋ ಖುದಾ ಹಾಫಿಜ್ ಹೇಳ್ತಿದ್ದೆ."

ಸಿಟ್ಟಿಗೆ ಮೂಲ ಯಾವುದು ಅಂದರೆ ಊರವರು ಹುಟ್ಟುಗುಣ ಎನ್ನುತ್ತಾರೆ. ಅವನ ಹೆಂಡತಿ ಪರಿಮಳಾಗೆ ಮಾತ್ರ ಬೇರೆ ಸಂಗತಿ ಗೊತ್ತು. ಅದು ಅವನ ಅಕ್ಕನ ಕಣ್ಣಿನ ಸಂಗತಿ.

ಕಾಂತೇಶ ಹುಟ್ಟಿದ್ದು ಕೆಂಭಾವಿಯಲ್ಲಿ. ಊರ ಹೊರಗಿನ ಅವರ ಓಣಿಯ ಹಿಂದೆ ಬಳ್ಳಾರಿ ಜಾಲಿ ಬೆಳೆದಿತ್ತು. ಯಾರೂ ಹಚ್ಚಿದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಒಂದು ವರ್ಷ ಹಳ್ಳದ ದಂಡೆಯಲ್ಲಿ ಕಂಡದ್ದು ಇನ್ನೊಂದು ವರ್ಷಕ್ಕೆ ಮನೆಯ ಗೋಡೆಗೆ ಬಂದು ನಿಂತಿತ್ತು. ಅದರ ಕೆಳಗೆ ಹುಲ್ಲು ಹುಟ್ಟುತ್ತಿರಲಿಲ್ಲ, ದನ ಹೋಗುತ್ತಿರಲಿಲ್ಲ. ಆದರೆ ಒಲೆ ಉರಿಯುತ್ತಿದ್ದದ್ದು ಅದರ ಕಟ್ಟಿಗೆಯಿಂದಲೇ. ಅಕ್ಕ ದೇವಕಮ್ಮ ಸಾಲಿಗೆ ಹೋಗುವ ಮೊದಲು ದಿನಾ ಒಂದು ಹೊರೆ ಕಡಿದು ತರಬೇಕಿತ್ತು. ಒಂದು ಮುಂಜಾನೆ ಅವಳು ಎಳೆದ ಟೊಂಗೆ ಕೈ ಜಾರಿ ತಿರುಗಿ ಬಡಿಯಿತು. ಮುಳ್ಳು ನೇರ ಎಡಗಣ್ಣಿಗೆ ಹೋಯಿತು. ಅಪ್ಪ ಮುಳ್ಳು ಕಿತ್ತು, ಬಟ್ಟೆ ಕಟ್ಟಿ, ಬಸ್ಸು ಸಿಕ್ಕಾಗ ಯಾದಗಿರಿಗೆ ಒಯ್ದ. ಅಷ್ಟರಲ್ಲಿ ಕಣ್ಣು ಹೋಗಿತ್ತು. ಕಣ್ಣಿನ ಹಿಂದೆ ಸಾಲಿ ಹೋಯಿತು. ಸಾಲಿಯ ಹಿಂದೆ ನೋಡಲು ಬರುವ ಗಂಡುಗಳೂ ಹೋದವು. ದೇವಕಮ್ಮ ಓಣಿಯಲ್ಲೇ ಉಳಿದು, ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತ ಬದುಕು ಕಟ್ಟಿಕೊಂಡಳು. ರೊಟ್ಟಿ ಬೇಯಿಸುವ ಒಲೆಗೆ ಹಾಕುತ್ತಿದ್ದದ್ದು ಮತ್ತೆ ಅದೇ ಜಾಲಿ.

ಕಾಂತೇಶ ಆಗ ಚಿಕ್ಕವನು. ಕೊಡಲಿ ತಗೊಂಡು ಹೋಗಿ ಆ ಗಿಡವನ್ನು ಕಡಿದ. ಮಳೆ ಬಿದ್ದಾಗ ಅದೇ ಬೊಡ್ಡೆಯಿಂದ ನಾಲ್ಕು ಕಡೆ ಚಿಗುರಿತು. ಮತ್ತೆ ಕಡಿದ. ಮತ್ತೆ ಚಿಗುರಿತು. ಬೆಂಕಿ ಹಚ್ಚಿದ, ಅದಕ್ಕೂ ಸಾಯಲಿಲ್ಲ. ಪ್ರಾಯಕ್ಕೆ ಬಂದು ಸೈದಾಪುರದ ಕಡೆ, ಕಡೇಚೂರಿನ ಕಾರ್ಖಾನೆ ಜಾಗ ಸಮ ಮಾಡುವ ಕೂಲಿಗೆ ಹೋದಾಗ ಅವನು ಮೊದಲ ಸಲ ಜೆಸಿಬಿ ಜಾಲಿ ಕೀಳುವುದನ್ನು ಕಂಡ. ಮಷೀನು ತನ್ನ ಹಲ್ಲನ್ನು ಬೊಡ್ಡೆಯ ಕೆಳಗೆ ಹಾಕಿ, ಮೆಂತ್ಯದ ಕಟ್ಟು ಎತ್ತಿದ ಹಾಗೆ ಬೇರು ಸಮೇತ ಎತ್ತಿ ಒಗೆಯಿತು. ಕಾಂತೇಶ ಬುಟ್ಟಿ ಕೆಳಗಿಟ್ಟು ನೋಡುತ್ತ ನಿಂತ. ಕಲಿತರೆ ಇದನ್ನೇ ಕಲಿಯಬೇಕು ಎಂದು ಅಂದೇ ನಿಶ್ಚಯಿಸಿದ.

ಹೀಗಾಗಿ, ಸುರಪುರದ ಅಂಚಿನ ಜಾಲಿ ಕಿತ್ತು ಉದ್ಯಾನ ಮಾಡುತ್ತಾರಂತೆ ಎಂದು ಸಿಕಂದರ ಹೇಳಿದಾಗ ಅವನು ಕೂಲಿ ಗೀಲಿ ಏನೂ ಕೇಳಲಿಲ್ಲ. "ಎಂದು ಹೋಗ್ಲಿ?" ಎಂದಷ್ಟೇ ಕೇಳಿದ.

ಬಂಡೆಗುಡ್ಡದ ಬುಡದಲ್ಲಿದ್ದ ಆ ಜಾಗ ಹಿಂದೆ ಊರ ದನಗಳ ಹುಲ್ಲುಗಾವಲು. ಈಗ ಇಡೀ ಊರಿನ ತಿಪ್ಪೆ. ಜಾಲಿಯ ನಡುವೆ ಸತ್ತ ನಾಯಿ, ಒಡೆದ ಬಾಟಲಿ, ಕೋಳಿ ಅಂಗಡಿಯ ಪುಕ್ಕ. ಅಲ್ಲಿ ಕಾಲಿಡಲು ಹಂದಿಗಳಿಗೆ ಮಾತ್ರ ಧೈರ್ಯವಿತ್ತು, ಮತ್ತೆ ಕಟ್ಟಿಗೆಗೆ ಹೋಗುವ ಬಡ ಹೆಂಗಸರಿಗೆ. ಊರಿನ ಕೆಲವರು ಕೂಡಿ ಒಂದು ಸಮಿತಿ ಮಾಡಿದ್ದರು. ಇಲ್ಲಿಯದೇ ಗಿಡ, ಇಲ್ಲಿಯದೇ ಹುಲ್ಲು ಮರಳಿ ತರುವ ಜೀವವೈವಿಧ್ಯ ಉದ್ಯಾನ ಮಾಡುವುದು ಅವರ ವಿಚಾರ. ಮೇಲ್ವಿಚಾರಣೆಗೆ ದೇವಿಕಾ ಎಂಬ ಹೆಣ್ಣುಮಗಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳುವವಳು, ಯಾದಗಿರಿಯಿಂದ ಬಸ್ಸಿಗೆ ಬಂದು ಹೋಗಿ ಮಾಡುತ್ತಿದ್ದಳು.

ಮೊದಲ ದಿನವೇ ಇಬ್ಬರಿಗೂ ಹತ್ತಿಕೊಂಡಿತು. ಜಾಲಿಯ ನಡುವೆ ಅಲ್ಲಲ್ಲಿ ಉಳಿದಿದ್ದ ಬಾರಿ, ಕಾರಿ, ಬನ್ನಿ ಗಿಡಗಳಿಗೆ ದೇವಿಕಾ ಕೆಂಪು ಸೀರೆಯ ಚಿಂದಿ ಕಟ್ಟಿದ್ದಳು. ಅವುಗಳಿಗೆ ಧಕ್ಕೆಯಾಗದ ಹಾಗೆ ಜಾಲಿಯನ್ನಷ್ಟೇ ಬೇರು ಸಮೇತ ಕೀಳಬೇಕು.

"ಮೇಡಮ್ರೀ, ಇದು ಜೆಸಿಬಿ ಐತಿ. ಹಲ್ಲಿನ ಡಾಕ್ಟರ್‍ನ ಚಿಮಟಿಗಿ ಅಲ್ಲ," ಎಂದ ಕಾಂತೇಶ.

"ನಿಮ್ಮ ಕೈ ಛಲೋ ಐತಿ ಅಂತ ಹೇಳೇ ಕರಸೀನಿ," ಎಂದಳು ದೇವಿಕಾ. "ಬರೇ ಎಳದು ಒಗಿಯೋ ಮಂದಿ ಬೇಕಂದ್ರ ಯಾರರೇ ಸಿಗ್ತಿದ್ರು."

ಮಧ್ಯಾಹ್ನ ಒಂದು ಚಿಂದಿ ಕಟ್ಟಿದ ಕಾರಿಗಿಡ ಚಕ್ರದ ಕೆಳಗೆ ಹೋಯಿತು. ದೇವಿಕಾ ಎಲ್ಲರೆದುರು ಬೈದಳು. ಕಾಂತೇಶ ಮಷೀನು ಆರಿಸಿ, ಕೆಳಗಿಳಿದು ಮನೆಗೆ ನಡೆದ. ಮರುದಿನ ಅವಳು ಬರುವುದಕ್ಕೆ ಮೊದಲೇ ಬಂದು ಕೆಲಸ ಶುರು ಮಾಡಿದ್ದ. ಅಂದಿನಿಂದ ಚಿಂದಿ ಕಟ್ಟಿದ ಒಂದು ಗಿಡವೂ ಮುರಿಯಲಿಲ್ಲ.

ಅವನನ್ನು ನಿಜವಾಗಿ ನಿಲ್ಲಿಸಿದವಳು ಹಂಪಮ್ಮ. ಗುಡ್ಡದ ಓಣಿಯವಳು, ಜಾಲಿ ಕಡಿದು ಹೋಟೆಲುಗಳಿಗೆ ಮಾರಿ ಬದುಕುವವಳು, ಸಿಟ್ಟಿನಲ್ಲಿ ಕಾಂತೇಶನಿಗೆ ಸಮನಾದವಳು. ಕೊಡಲಿ ಹೆಗಲಿಗಿಟ್ಟುಕೊಂಡು ಮಷೀನಿನ ಮುಂದೆ ಬಂದು ನಿಂತಳು. ಹಿಂದೆ ಹತ್ತಾರು ಹೆಂಗಸರು.

"ಎಲ್ಲಾ ಕಿತ್ತ ಮ್ಯಾಲ ನನ್ನ ಒಲಿಗೆ ಏನ್ ಹಾಕ್ಲಿ? ನಿನ್ನ ಎಲುಬು ಹಾಕ್ಲೇನು?"

"ಈ ಮುಳ್ಳು ನಮ್ಮಕ್ಕನ ಕಣ್ಣು ತಿಂದೈತಿ ಯಮ್ಮಾ, ಬಾಜು ಸರಿ!"

"ನಿಮ್ಮಕ್ಕನ ಕಣ್ಣು ತಿಂದದ, ನನ್ನ ಮಕ್ಕಳಿಗೆ ಅನ್ನ ಹಾಕ್ಯದ. ಯಾರ ಲೆಕ್ಕ ಹಿಡೀತಿ?"

ಕಾಂತೇಶ ಮಷೀನು ಆರಿಸಿದ. ಬೈಗುಳ ಹೊಳೆದವು, ಆದರೆ ಅವು ಬಾಯಿಗೆ ಬರಲಿಲ್ಲ. ಅವನ ಅಕ್ಕನ ಒಲೆಯೂ ಅದೇ ಕಟ್ಟಿಗೆಯಿಂದ ಉರಿದದ್ದಲ್ಲವೇ. ದೇವಿಕಾ ಬಂದು ಹೆಂಗಸರನ್ನು ಬೇವಿನ ನೆರಳಿಗೆ ಕೂಡಿಸಿಕೊಂಡು ಮಾತಾಡಿದಳು. ಕಿತ್ತ ಜಾಲಿಯೆಲ್ಲ ಅವರಿಗೆ. ಮುಂದೆ ಹುಲ್ಲು ಬೆಳೆದ ಮೇಲೆ, ವರ್ಷಕ್ಕೊಮ್ಮೆ, ಬೀಜ ಉದುರಿದ ನಂತರ, ಹುಲ್ಲು ಕೊಯ್ದುಕೊಳ್ಳುವ ಹಕ್ಕೂ ಅವರಿಗೆ. ಎಮ್ಮೆ ಇದ್ದವರು ಹಾಕಿಕೊಳ್ಳಲಿ, ಇಲ್ಲದವರು ಮಾರಿಕೊಳ್ಳಲಿ. ಸಮಿತಿಯೂ ಒಪ್ಪಿತು.

"ಹುಲ್ಲು ಎಲ್ಲದ?" ಎಂದು ಹಂಪಮ್ಮ ಬರಿಯ ನೆಲ ತೋರಿಸಿ ಕೇಳಿದಳು.

"ಬರ್ತದ," ಎಂದಳು ದೇವಿಕಾ.

ಮೊದಲ ಮಳೆಗಾಲ ಹುಲ್ಲು ಬರಲಿಲ್ಲ. ತೊಗಚೆ ಬಂತು, ಕಸ ಬಂತು, ಜಾಲಿಯ ಬೀಜ ಸಾವಿರಗಟ್ಟಲೆ ಮೊಳೆಯಿತು. ಅವನ್ನೆಲ್ಲ ಕೈಯಿಂದ ಕಿತ್ತರು. ಕಾಂತೇಶ ಬೇರೆ ಕಡೆ ಕೆಲಸ ಮುಗಿಸಿ ಬರುವಾಗ ಬೈಕು ನಿಲ್ಲಿಸಿ, ಕಂಡ ಮೊಳಕೆಯನ್ನು ಹಲ್ಲು ಕಚ್ಚಿ ಕಿತ್ತು ಹೋಗುತ್ತಿದ್ದ. ದೇವಿಕಾ ಗುಡ್ಡದ ಸಂದಿಗಳಿಂದ ಕರಡದ ಹುಲ್ಲಿನ ಬೀಜ ಆರಿಸಿ ತಂದು ಚೆಲ್ಲಿದಳು. ಎರಡನೇ ಮಳೆಗಾಲಕ್ಕೆ ನೆಲ ಹಸಿರಾಯಿತು. ಮೂರನೆಯದಕ್ಕೆ ಹುಲ್ಲು ಮೊಣಕಾಲು ಮುಟ್ಟಿತು. ಬಿಸಿಲು ಬಿದ್ದ ಮೇಲೆ ಕೆಂಪಾಗಿ, ಗಾಳಿಗೆ ಮಲಗಿ ಏಳತೊಡಗಿತು. ತಂಗಡಿ ಹೂಬಿಟ್ಟಿತು. ಮೊಲ ಬಂದವು. ಮುಂಜಾನೆ ಗೌಜಲ ಹಕ್ಕಿ ಕೂಗುವುದು ಬಸ್‌ಸ್ಟ್ಯಾಂಡಿನವರೆಗೂ ಕೇಳುತ್ತಿತ್ತು. ಯಾರೂ ಬುಟ್ಟಿಯಲ್ಲಿ ತಂದು ಬಿಟ್ಟವಲ್ಲ ಅವು. ಎಲ್ಲಿದ್ದವೋ, ಜಾಗ ಸಿಕ್ಕಿತು, ಬಂದವು.

ಒಂದು ಬೇಸಿಗೆ ಕಾಂತೇಶನನ್ನು ಹೊಂಡ ತೋಡಲು ಕರೆಸಿದರು. ಗುರುತು ಹಾಕಿದ ಜಾಗದಲ್ಲಿ ಒಂದು ಟಿಟ್ಟಿಭ ಹಕ್ಕಿ ಬರಿಯ ನೆಲದ ಮೇಲೆ ಮೊಟ್ಟೆ ಇಟ್ಟು ಕೂತಿತ್ತು. ಮಷೀನು ಹತ್ತಿರ ಬಂದರೆ ಹಾರಿ ಹೋಗಲಿಲ್ಲ. ರೆಕ್ಕೆ ಬಿಚ್ಚಿಕೊಂಡು ಎದುರಿಗೆ ಓಡಿಬಂದು ಬಾಯಿ ಹರಿಯುವಂತೆ ಚೀರಿತು. ಕಾಂತೇಶ ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕ. "ಇದರ ಮುಂದ ನನ್ನ ಸಿಟ್ಟು ಏನೂ ಅಲ್ಲ ಬಿಡ್ರಿ," ಎಂದು ದೇವಿಕಾಗೆ ಹೇಳಿ, ಮರಿ ಎದ್ದು ಓಡಾಡುವವರೆಗೂ ಆ ಮಗ್ಗುಲಿಗೆ ಮಷೀನು ತರಲಿಲ್ಲ.

ದೇವಕಮ್ಮನನ್ನು ಅವನು ಕೆಂಭಾವಿಯಿಂದ ಒಮ್ಮೆ ಕರಕೊಂಡು ಬಂದ. ಅವಳು ಗೇಟಿನಲ್ಲೇ ನಿಂತಳು. ಗಿಡಗಂಟಿ ಇರುವ ಜಾಗಕ್ಕೆ ಅವಳು ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಬಾ ಅಕ್ಕಾ ಎಂದು ಅವನು ಕರೆದ, ಆಮೇಲೆ ಗದರಿದ. ಕಡೆಗೆ ಅವಳೇ ಚಪ್ಪಲಿ ಬಿಟ್ಟು ಹುಲ್ಲಿನೊಳಗೆ ಹೆಜ್ಜೆ ಇಟ್ಟಳು. ಒಂದು ಕೈ ಕಣ್ಣಿಗೆ ಅಡ್ಡ ಹಿಡಿದೇ ಹೊಂಡದ ತನಕ ಹೋದಳು. ಬರುವಾಗ ಕೈ ಕೆಳಗಿತ್ತು.

"ಎಷ್ಟ್ ಅಗಲ ಕಾಣ್ತದಲ್ಲೋ ತಮ್ಮಾ," ಎಂದಳು, ಅಷ್ಟೇ.

ಆ ವರ್ಷ ಹಂಪಮ್ಮನ ಕೂಟ ಮೊದಲ ಸಲ ಹುಲ್ಲು ಕೊಯ್ಯಿತು.

ಎಲ್ಲ ಕೆಟ್ಟದ್ದು ಆ ಜಾಗ ಚೆಂದ ಆದದ್ದಕ್ಕೇ. ಜಾಲಿ ಇದ್ದಾಗ ಅತ್ತ ಮೂಗು ಮುಚ್ಚಿಕೊಂಡು ಹೋಗುತ್ತಿದ್ದವರಿಗೆ ಈಗ ಅದು ಕಾಣತೊಡಗಿತು. ಎರಡನೇ ಹಂತ ಎಂದು ಹೊಸ ಹಣ ಬಂತು. ಹಣದ ಹಿಂದೆ ಸಮಿತಿಗೆ ಹೊಸ ಮುಖಗಳು ಬಂದವು. ಹಳಬರಲ್ಲಿ ಕೆಲವರು ಹಿಂದೆ ಸರಿದರು, ಕೆಲವರು ಬದಲಾದರು. ದೇವಿಕಾಳನ್ನು ಸಲಹೆಗಾರ್ತಿ ಎಂದು ಕರೆದು, ಸಲಹೆ ಕೇಳುವುದನ್ನು ಬಿಟ್ಟರು. ಗುತ್ತಿಗೆ ಹಿಡಿದವನು ಸಂಜೀವಕುಮಾರ ಎಂಬಾತ. ವಿದೇಶಿ ಹುಲ್ಲಿನ ಲಾನು, ಸಿಮೆಂಟಿನ ದಾರಿ, ಬಣ್ಣದ ದೀಪ, ಫೋಟೋ ತೆಗೆಸಿಕೊಳ್ಳಲು ಒಂದು ದೊಡ್ಡ ಹೃದಯದ ಕಮಾನು, ಮತ್ತೆ ಆರು ಸಿಮೆಂಟಿನ ಜಿಂಕೆ. ಹೆಸರು ಮಾತ್ರ ಅದೇ: ಜೀವವೈವಿಧ್ಯ ಉದ್ಯಾನ. ದೀಪಾವಳಿ ಆದ ಮೇಲೆ ದೊಡ್ಡವರೊಬ್ಬರು ಬಂದು ಟೇಪು ಕತ್ತರಿಸುವುದೆಂದು ಗೊತ್ತಾಗಿತ್ತು.

ದಸರಾ ಮುಗಿದು ಹುಲ್ಲು ತೆನೆ ಹೊತ್ತು ನಿಂತಿತ್ತು, ಬೀಜ ಇನ್ನೂ ಉದುರಿರಲಿಲ್ಲ. ಉದ್ಯಾನದಲ್ಲಿ ಎರಡು ದಿನದ ಕೆಲಸ ಇದೆ, ಹೋಗು ಎಂದು ಸಿಕಂದರ ಕಳಿಸಿದ. ಮತ್ತೊಂದು ಹೊಂಡ ಇರಬೇಕು ಎಂದುಕೊಂಡು ಕಾಂತೇಶ ಹೋದ. ಗೇಟಿನ ಹತ್ತಿರ ಲಾರಿಯಿಂದ ಇಳಿಸಿದ ಜಿಂಕೆಗಳು ಸಾಲಾಗಿ ನಿಂತಿದ್ದವು. ಮೈಗೆ ಹಳದಿ ಬಣ್ಣ, ಮೇಲೆ ಬಿಳಿ ಚುಕ್ಕೆ, ತುಟಿಗೆ ಕೆಂಪು.

ಸಂಜೀವಕುಮಾರ ಕೈ ಚಾಚಿ ಇಡೀ ಹುಲ್ಲುಗಾವಲು ತೋರಿಸಿದ. "ಈ ಕಸ ಎಲ್ಲಾ ಕೆರದು ಒಂದ್ ಬದಿಗೆ ಹಾಕು. ನೆಲ ಸಾಪ್ ಆಗ್ಬೇಕು."

"ಯಾವ ಕಸ?"

"ಕಣ್ಣಿಗೆ ಕಾಣಂಗಿಲ್ಲೇನು? ಒಣಾ ಹುಲ್ಲು."

"ದೇವಿಕಾ ಮೇಡಮ್ರಿಗೆ ಗೊತ್ತದೇನ್ರಿ ಇದು?"

"ಮೇಡಮ್ ಪಾಠ ಹೇಳಾಕ ಹೋಗ್ಯಾರ. ನೀ ಮಷೀನ್ ಹೊಡಿ."

ಇಲ್ಲಿ ಒಂದು ಮಾತು ಮುಚ್ಚಿಡಬಾರದು: ಕಾಂತೇಶ ಮಷೀನು ಹೊಡೆದ. ಇಷ್ಟು ವರ್ಷ ಹೇಳಿದ ಕಡೆ ಕೆರೆದ ಕೈ ಅದು. ಮೇಲಿನವರ ಮಾತು ಇದ್ದೀತು, ಮೇಡಮ್ ಒಪ್ಪಿರಬಹುದು, ನನಗೇನು ಎಂದು ಒಂದು ಪಟ್ಟಿ ಕೆರೆದ. ಬೇಲಿಯಿಂದ ಬೇವಿನ ತನಕ ಕೆಂಪು ಹುಲ್ಲು ಮಗುಚಿ ಕಪ್ಪು ಮಣ್ಣು ಮೇಲೆ ಬಂತು. ತಿರುಗಿಸಲು ಮಷೀನು ಹಿಂದೆ ತಂದಾಗ, ಕೆರೆದ ಮಣ್ಣಿನ ಗುಪ್ಪೆಯಲ್ಲಿ ಏನೋ ಅಲುಗಿತು. ಇಳಿದು ನೋಡಿದ. ಮೊಲದ ಎರಡು ಮರಿ. ಒಂದು ಅಪ್ಪಚ್ಚಿಯಾಗಿತ್ತು. ಇನ್ನೊಂದರ ಹಿಂಗಾಲು ತುಂಡಾಗಿ, ಅದು ಮುಂಗಾಲಿನಿಂದ ಮಣ್ಣು ಕೆದರುತ್ತಿತ್ತು. ಅವನು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಆ ಕೆದರಾಟ ನಿಲ್ಲುವ ತನಕ ಕೂತ.

"ಏನಾತಲೇ? ಬೀಡಿ ಸೇದಾಕ ಕುಂತೀಯೇನು?" ಎಂದು ಸಂಜೀವಕುಮಾರ ಕೂಗಿದ.

ಕಾಂತೇಶ ಸತ್ತ ಮರಿಯನ್ನು ಅಂಗೈಯಲ್ಲಿಟ್ಟುಕೊಂಡು ಹೋಗಿ ತೋರಿಸಿದ. "ಕೆಲಸ ನಿಲ್ಸೀನ್ರಿ. ಮೇಡಮ್ ಬರ್ಲಿ."

ಸಂಜೀವಕುಮಾರ ಮರಿಯನ್ನು ನೋಡಿ, ಪಕ್ಕದವರ ಕಡೆ ತಿರುಗಿ ನಕ್ಕ. "ಸಂಜಿಗೆ ಸಾರು ಆತಲ್ಲ ಮತ್ತ. ತಗೊಂಡ್ ಹೋಗು. ನಿಮ್ಮ ಓಣ್ಯಾಗ ಇದಕ್ಕ ಬ್ಯಾಡ ಅನ್ನೋರು ಯಾರದಾರ?" ಪಕ್ಕದವರೂ ನಕ್ಕರು.

ನಿಮ್ಮ ಓಣಿ ಎಂದದ್ದರಲ್ಲಿ ಏನಿತ್ತು ಎಂದು ಕಾಂತೇಶನಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಹುಟ್ಟಿದಾಗಿನಿಂದ ಆ ದನಿ ಕೇಳಿದ್ದ. ಅವನು ಬೈಯಲಿಲ್ಲ. ಅದನ್ನು ಕಂಡಿದ್ದರೆ ಪರಿಮಳಾ ಹೆದರುತ್ತಿದ್ದಳು; ಅಂಥ ಸಿಟ್ಟಿನಲ್ಲಿ ಅವನು ಬೈಯದೆ ಇದ್ದದ್ದು ಅದೇ ಮೊದಲು. ಮಷೀನು ಹತ್ತಿ, ಗೇಟಿನ ಕಡೆ ತಿರುಗಿಸಿದ. ಬಕೆಟ್ಟು ಎತ್ತಿ ಮೊದಲನೇ ಜಿಂಕೆಯ ಬೆನ್ನ ಮೇಲೆ ಇಳಿಸಿದ. ಒಳಗೆ ತಂತಿ ಬಿಟ್ಟರೆ ಪೊಳ್ಳು. ಗಡಿಗೆ ಒಡೆದಂತೆ ಒಡೆಯಿತು. ಎರಡನೆಯದು, ಮೂರನೆಯದು. ಜನ ಓಡಿದರು, ಸಂಜೀವಕುಮಾರ ಕಲ್ಲು ಒಗೆದ, ಗಾಜು ಬಿರಿಯಿತು. ಆರನೆಯದರ ಮೇಲೆ ಚಕ್ರ ಹತ್ತಿಸಿ, ಹಿಂದೆ ಮುಂದೆ ಮಾಡಿ ಪುಡಿ ಮಾಡಿ, ಮಷೀನನ್ನು ಗೇಟಿನ ನಡುವೆ ಅಡ್ಡ ನಿಲ್ಲಿಸಿ, ಕೀಲಿ ಕಿಸೆಗೆ ಹಾಕಿಕೊಂಡು ಇಳಿದ. ಪೊಲೀಸರು ಬರುವ ತನಕ ಮಷೀನಿನ ನೆರಳಲ್ಲೇ ಕೂತಿದ್ದ.

ಅವರು ಅವನನ್ನು ಒಯ್ದು, ಮಷೀನನ್ನೂ ಎಳೆಸಿ ಠಾಣೆಯಲ್ಲಿ ನಿಲ್ಲಿಸಿದರು. ಜಾಮೀನಿಗೆ ಸಿಕಂದರ ಬಂದ. ಠಾಣೆಯ ಹೊರಗೆ ಬಂದ ಮೇಲೆ ಸುಮ್ಮನೆ ಕೈ ಚಾಚಿದ. ಕಾಂತೇಶ ಕೀಲಿ ಕೊಟ್ಟ.

"ಆ ಮಾತು ಅವ ನನಗ ಅಂದಿದ್ರ ನಾನೂ ಒಡೀತಿದ್ದೆ," ಎಂದ ಸಿಕಂದರ. "ಆದ್ರ ಮಷೀನ್ ನಂದು ಐತಿ ಕಾಂತೇಶ. ನಾಳಿಂದ ಬರಬ್ಯಾಡ."

ಸಿಕಂದರನ ಮೇಲೆ ಕಾಂತೇಶನಿಗೆ ಸಿಟ್ಟು ಬರಲಿಲ್ಲ. ದೇವಿಕಾ ಹೊಗಳಬಹುದೆಂದು ಮಾತ್ರ ಒಳಗೊಳಗೆ ಅಂದುಕೊಂಡಿದ್ದ. ಮರುದಿನ ಅವಳೇ ಮನೆಗೆ ಬಂದಳು. ಪರಿಮಳಾ ಚಹಾಕ್ಕೆ ಇಟ್ಟಳು. ದೇವಿಕಾ ಕೂರಲಿಲ್ಲ.

"ಏನ್ ಮಾಡೀರಿ ನೀವು?"

"ಮಾಡಬೇಕಾದ್ದು ಮಾಡೀನ್ರಿ."

"ಇವತ್ತ್ ಮುಂಜಾನೆ ಜಿಲ್ಲಾ ಕಚೇರಿಗೆ ಹೊಂಟಿದ್ದೆ. ಹಳೇ ಸಮಿತಿಯವ್ರು ಮೂರ್ ಮಂದಿ ನನ್ನ ಜೋಡಿ ಬರಾಕ ಒಪ್ಪಿದ್ರು. ಹುಲ್ಲು ಕೆರೀಬಾರ್ದು ಅಂತ ತಡಿ ಆರ್ಡರ್ ತರೋ ಮಾತಿತ್ತು. ನಿನ್ನೆ ಸಂಜಿಗೆ ಮೂವರೂ ಫೋನ್ ಮಾಡಿದ್ರು. ರೌಡಿಗಳ ಜೋಡಿ ನಮ್ಮ ಹೆಸರು ಬ್ಯಾಡ ಅಂದ್ರು." ಅವಳು ಬಾಗಿಲ ಕಡೆ ಕೈ ತೋರಿಸಿದಳು. "ನಿಮ್ಮ ಸಿಟ್ಟು ನಿಮಗ ಹೊಟ್ಟಿ ತುಂಬಿಸ್ತು. ಹುಲ್ಲಿಗೆ ಏನಾತು? ಅಲ್ಲೀಗ ಎರಡು ಮಷೀನ್ ಬಂದಾವ, ಪೊಲೀಸರ ಕಾವಲಾಗ. ಹೋಗಿ ನೋಡ್ರಿ."

"ಅವ ನನ್ನ ಓಣಿಗೆ ಅಂದಾನ್ರಿ ಮೇಡಮ್ರೀ!"

"ಗೊತ್ತದ. ಅದಕ್ಕ ಅವನ್ನ ಕೋರ್ಟಿಗೆ ಎಳೀಬೇಕಿತ್ತು ನಾವು. ಈಗ ಅವನೇ ನಿಮ್ಮನ್ನ ಎಳದಾನ."

ಚಹಾ ಒಲೆಯ ಮೇಲೆ ಉಕ್ಕಿತು. ದೇವಿಕಾ ಹೊರಟು ಹೋದಳು. ಕಾಂತೇಶ ಅಂದು ಇಡೀ ದಿನ ಉಣ್ಣಲಿಲ್ಲ. ಅವನ ಸಿಟ್ಟಿಗೆ ಅಲ್ಲಿಯವರೆಗೆ ಯಾವಾಗಲೂ ಎದುರಿಗೆ ಒಂದು ಗುರಿ ಇರುತ್ತಿತ್ತು: ಜಾಲಿ, ಸಾಹುಕಾರ, ಗುತ್ತಿಗೆದಾರ. ಈಗ ಆ ಸಿಟ್ಟು ತಿರುಗಿ ಅವನನ್ನೇ ತಿನ್ನತೊಡಗಿತು. ತಪ್ಪು ತನ್ನದೂ ಹೌದು ಅನ್ನಿಸುತ್ತಿತ್ತು. ಅನ್ನಿಸಿದೊಡನೆ ಆ ನಗೆ ಕಿವಿಯಲ್ಲಿ ಕೇಳುತ್ತಿತ್ತು. ಮತ್ತೆ ಮೈ ಉರಿಯುತ್ತಿತ್ತು.

ಹುಲ್ಲನ್ನು ಉಳಿಸಿದವರು ಕಾಂತೇಶನೂ ಅಲ್ಲ, ದೇವಿಕಾಳೂ ಅಲ್ಲ. ಮಷೀನುಗಳು ಗೇಟಿನ ಕಡೆಯ ಅರ್ಧ ಕೆರೆದು ಮುಗಿಸಿ ಹೊಂಡದ ಕಡೆ ತಿರುಗುವಷ್ಟರಲ್ಲಿ ಹಂಪಮ್ಮ ತನ್ನ ಕೂಟದೊಂದಿಗೆ ಕುಡುಗೋಲು ಹಿಡಿದು ಒಳಗೆ ಬಂದಳು. ಪೊಲೀಸರು ತಡೆದರು.

"ನಾವು ಜಗಳಕ್ಕ ಬಂದಿಲ್ರಿ ಸಾಹೇಬ್ರ," ಎಂದಳು. "ನಮ್ಮ ಪಾಲಿನ ಹುಲ್ಲು ಕೊಯ್ಯಾಕ ಬಂದೀವಿ. ಕೊಟ್ಟ ಮಾತು ಐತಿ, ಊರಿಗೆಲ್ಲಾ ಗೊತ್ತದ. ಕೊಯ್ದು ಮುಗಿಸಿದ ಮ್ಯಾಲ ನೀವು ಏನ್ ಬೇಕಾದ್ರೂ ಕಟ್ಟಿಸ್ಕೊಳ್ರಿ."

ಸಂಜೀವಕುಮಾರನಿಗೂ ಅದು ಸುಲಭ ಕಂಡಿತು. ಹುಲ್ಲು ತಾನಾಗೇ ಹೋದರೆ ಕೆರೆಯುವ ಖರ್ಚು ಉಳಿಯಿತು. ಕೊಯ್ಯಲಿ ಎಂದ. ಹೆಂಗಸರು ಕೊಯ್ಯತೊಡಗಿದರು. ಅಂಥ ಕೊಯ್ಲನ್ನು ಆ ಸೀಮೆಯಲ್ಲಿ ಯಾರೂ ಕಂಡಿರಲಿಲ್ಲ. ಒಂದು ಹಿಡಿ ಕೊಯ್ದು, ಅದನ್ನು ಕೊಡವಿ, ಬೀಜ ಉದುರಿಸಿ, ಪಕ್ಕಕ್ಕಿಟ್ಟು, ಸೊಂಟ ನೆಟ್ಟಗೆ ಮಾಡಿ, ಎಲೆ ಅಡಿಕೆ ಹಾಕಿಕೊಂಡು, ಸೊಸೆಯರ ಸುದ್ದಿ ಮಾತಾಡಿ, ಆಮೇಲೆ ಮತ್ತೊಂದು ಹಿಡಿ. ಮಷೀನಿನವರು ಕಾದರು. ಒಂದು ದಿನ ಕಾದರು, ಎರಡು ದಿನ ಕಾದರು. ಮೂರನೇ ದಿನ ಒಂದು ಮಷೀನು ಬೇರೆ ಕೆಲಸಕ್ಕೆ ಹೋಯಿತು. ಜಲ್ದಿ ಮುಗಿಸ್ರಿ ಎಂದು ಸಂಜೀವಕುಮಾರ ಕೂಗಾಡಿದರೆ, "ಮುದುಕ್ಯಾರು ಅದೀವ್ರಿ ಸಾಹೇಬ್ರ, ಕೈಯಾಗ ಕಸುವಿಲ್ಲ," ಎಂದು ಹಂಪಮ್ಮ ಕುಡುಗೋಲು ಮಸೆಯುತ್ತ ಕೂತಳು. ಟೇಪು ಕತ್ತರಿಸುವ ದಿನ ಬಂದಾಗ ಹೊಂಡದ ಕಡೆಯ ಅರ್ಧ ಜಾಗದಲ್ಲಿ ಅವರು ಇನ್ನೂ ಕೊಯ್ಯುತ್ತಲೇ ಇದ್ದರು. ಬಂದ ದೊಡ್ಡವರು ಅವರನ್ನು ಕಂಡು, ಹಳ್ಳಿಯ ಸೊಗಡು ಎಂದು ಮೆಚ್ಚಿ, ಅವರೊಂದಿಗೆ ಫೋಟೋ ತೆಗೆಸಿಕೊಂಡರಂತೆ.

ಬಿಲ್ಲು ಪಾಸಾಯಿತು, ಸಂಜೀವಕುಮಾರ ಆ ಕಡೆ ತಲೆ ಹಾಕುವುದನ್ನು ಬಿಟ್ಟ. ಲಾನಿಗೆ ಮೊದಲು ದಿನಾ ಟ್ಯಾಂಕರ್ ಬರುತ್ತಿತ್ತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಇಲ್ಲ. ಮೊದಲ ಬೇಸಿಗೆಗೇ ಅದು ಒಣಗಿ ಚಾಪೆಯ ಹಾಗೆ ಎದ್ದಿತು. ಹೃದಯದ ಕಮಾನಿನ ಬಲ್ಬುಗಳನ್ನು ಯಾರೋ ಬಿಚ್ಚಿಕೊಂಡು ಹೋದರು. ಹೊಂಡದ ಕಡೆಯ ಅರ್ಧದಲ್ಲಿ, ಹೆಂಗಸರು ಕೊಡವಿದ ಬೀಜ ಬಿದ್ದು, ಮರುಮಳೆಗೆ ಹುಲ್ಲು ಮೊದಲಿಗಿಂತ ದಟ್ಟವಾಗಿ ಬಂತು. ಆದರೆ ಹೋದ ಅರ್ಧ ಹೋಯಿತು. ಅಲ್ಲಿ ಗೌಜಲ ಕೂಗುವುದಿಲ್ಲ. ಅಷ್ಟಾದರೂ ಉಳಿಯಿತಲ್ಲ ಎಂದು ಯಾರಾದರೂ ಅಂದರೆ ಕಾಂತೇಶ ಅವರನ್ನು ತಿನ್ನುವಂತೆ ನೋಡುತ್ತಾನೆ. "ನಿಮ್ಮ ಎರಡು ಕೈಯಾಗ ಒಂದು ಕಡದು, ಇನ್ನೊಂದು ಉಳೀತಲ್ಲ ಅಂದ್ರ ಹೂಂ ಅಂತೀರೇನು?"

ಅವನೀಗ ಸೈದಾಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಲೋಡರ್ ಓಡಿಸುತ್ತಾನೆ. ನಾಲ್ಕು ಗೋಡೆಯ ನಡುವೆ ಬೂದಿಯ ಗುಡ್ಡೆಯನ್ನು ಅಲ್ಲಿಂದ ಇಲ್ಲಿಗೆ ಹಾಕುವ ಕೆಲಸ. ಕೇಸಿನ ತಾರೀಖು ಬಂದಾಗ ಸುರಪುರಕ್ಕೆ ಬರುತ್ತಾನೆ.

ಹಿಂದಿನ ತಾರೀಖಿನ ಮೊದಲು ರಾಜಿಯ ಮಾತು ಬಂತು. ಸಂಜೀವಕುಮಾರನಿಗೆ ಮತ್ತೊಂದು ಗುತ್ತಿಗೆ ಹಿಡಿಯಬೇಕಿತ್ತು, ಈ ಗಲಾಟೆ ಮುಗಿದರೆ ಸಾಕಿತ್ತು. ನಾಲ್ಕು ಜನರ ಮುಂದೆ ಕಾಂತೇಶ ತಪ್ಪಾಯಿತು ಅಂದರೆ ಕೇಸು ಹಿಂದಕ್ಕೆ ತಗೊಳ್ಳುತ್ತೇನೆ ಎಂದ.

"ಒಂದು ಮಾತಲ್ಲೇನ್ರಿ, ಅಂದುಬಿಡ್ರಿ," ಎಂದಳು ಪರಿಮಳಾ. "ವರ್ಷಗಟ್ಟಲೆ ಹೀಂಗ ಓಡಾಡೋದು ಯಾರಿಗಾಗ್ತದ? ಬಾಯಿಂದ ಅನ್ರಿ, ಮನಸಿಂದ ಬ್ಯಾಡ."

ಅವನು ಹೂಂ ಎಂದು ವಕೀಲರ ಆಫೀಸಿಗೆ ಹೋದ. ಸಂಜೀವಕುಮಾರ ಚಹಾ ಕುಡಿಯುತ್ತ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಮೂಲೆಯ ಬೆಂಚಿನಲ್ಲಿ ದೇವಿಕಾ ಇದ್ದಳು. ಆ ದಿನದ ಜಗಳದ ನಂತರ ಅವಳು ಅವನೊಂದಿಗೆ ಹೆಚ್ಚು ಮಾತಾಡಿರಲಿಲ್ಲ, ಆದರೆ ಒಂದು ತಾರೀಖೂ ತಪ್ಪಿಸಿರಲಿಲ್ಲ.

ಕಾಂತೇಶ ನಿಂತೇ ಹೇಳಿದ. "ಆ ಜಿಂಕಿ ಒಡದದ್ದು ತಪ್ಪು. ಮೇಡಮ್ರ ಕೆಲಸ ಕೆಡಿಸಿದೆ, ಸಿಕಂದರ ಸೇಠ್ರ ಮಷೀನ್ ಠಾಣ್ಯಾಗ ನಿಲ್ಲಂಗ ಮಾಡಿದೆ. ಒಪ್ಗೊಂಡೀನಿ."

ವಕೀಲರು ಪೆನ್ನು ತೆಗೆದರು.

"ನಂದು ನಾ ಹೇಳೀನಿ," ಎಂದು ಕಾಂತೇಶ ಸಂಜೀವಕುಮಾರನ ಕಡೆ ತಿರುಗಿದ. "ಈಗ ನಿಂದು ನೀ ಹೇಳು. ಹುಲ್ಲು ಕೆರಸಿದ್ದು ತಪ್ಪು ಅನ್ನು. ನಮ್ಮ ಓಣಿಗೆ ಅಂದದ್ದು ತಪ್ಪು ಅನ್ನು. ಇವರೆಲ್ಲರ ಮುಂದ ಅನ್ನು."

"ಇವನ ತಲಿ ಇನ್ನೂ ನೆಟ್ಟಗಾಗಿಲ್ರಿ," ಎಂದು ಸಂಜೀವಕುಮಾರ ಎದ್ದ.

"ಕುಂದ್ರಲೇ!" ಎಂದ ಕಾಂತೇಶ. ವಕೀಲರು ನಡುವೆ ಬಂದರು. ಸಂಜೀವಕುಮಾರ ಕುರ್ಚಿ ಒದ್ದು ಹೊರಗೆ ಹೋದ. ರಾಜಿ ಮುರಿಯಿತು. ಕೇಸು ಮುಂದೆ ಹೋಯಿತು.

ಮೆಟ್ಟಿಲು ಇಳಿಯುವಾಗ ದೇವಿಕಾ ಹಿಂದಿನಿಂದ ಬಂದಳು. "ಅಂವ ಅನ್ನೂದಿಲ್ಲ ಅಂತ ನಿಮಗ ಗೊತ್ತಿತ್ತು."

"ಗೊತ್ತಿತ್ರಿ."

"ಮುಂದಿನ ತಾರೀಖಿಗೆ ಓಣಿಗೆ ಅಂದ ಆ ಮಾತಿನ ಮ್ಯಾಲೇ ನಾವು ಜಾತಿನಿಂದನೆ ಕೇಸು ಹಾಕೂಣು. ಸಾಕ್ಷಿ ಹೇಳಾಕ ಇಬ್ಬರು ಕೂಲ್ಯಾರು ಒಪ್ಪ್ಯಾರ. ಅಲ್ಲೀತನಕ ಯಾವುದೂ ಒಡೀಬ್ಯಾಡ್ರಿ."

ಅವನು ಬೈಕು ಹತ್ತಿ, ಗೇಟಿನ ದಾರಿ ಬಿಟ್ಟು, ಗುಡ್ಡದ ಹಿಂದಿನಿಂದ ಹೊಂಡದ ಕಡೆಗೆ ಹೋದ. ಈ ವರ್ಷದ ಕೊಯ್ಲು ನಡೆದಿತ್ತು. ಕೈಗಳು ಈಗ ಜೋರಾಗಿ ಓಡುತ್ತಿದ್ದವು, ಯಾವ ಮುದುಕಿಗೂ ಕಸುವು ಕಡಿಮೆ ಇರಲಿಲ್ಲ. ಅವನು ಬೇಲಿಯ ಹತ್ತಿರ ನಿಂತು ಸಂಜೀವಕುಮಾರನನ್ನೂ ವಕೀಲರನ್ನೂ ಜೋರಾಗಿ ಬೈಯತೊಡಗಿದ. ಹಂಪಮ್ಮ ಸ್ವಲ್ಪ ಹೊತ್ತು ಕೇಳಿ, ಕಟ್ಟಿದ ಹೊರೆಯನ್ನು ಕಾಲಿನಿಂದ ಅವನ ಕಡೆ ದೂಡಿದಳು.

"ಬೈಯೂದು ಬೈಯಿ, ಆದ್ರ ಕೈ ಖಾಲಿ ಇಡಬ್ಯಾಡ. ಎತ್ತಿ ನನ್ನ ತಲಿ ಮ್ಯಾಲ ಇಡು. ಎಮ್ಮಿ ಕಾಯಾಕತ್ತಾವ."